‘ಹ್ಯಾಂಗ್ ಅಪ್’ ಎಂಬ ಕ್ರಿಯಾಪದ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿಕಳುಹಿಸಿದಾಗ, ಯಾವ ವಿಷಯವನ್ನು ಕುರಿತು ಬರೆಯಲೆಂದು ನಾನು ಬಹಳ ಹೊತ್ತು ಯೋಚಿಸಿದೆನು. ಇದೇ ಶಾಲೆಯಲ್ಲಿ ಓದಿ, ಇಲ್ಲಿಯೇ ಮೂವತ್ತೊಂದು ವರ್ಷಗಳ ಕಾಲ ಇಂಗ್ಲಿಷನ್ನು ಬೋಧಿಸಿ, ಕೆಲವು ವರ್ಷ ವಿದ್ಯಾರ್ಥಿನಿಯರ ವಸತಿಗೃಹದ ಮೇಲ್ವಿಚಾರಣೆಯನ್ನೂ ನೋಡಿಕೊಂಡು, 2005ರಲ್ಲಿ ನಿವೃತ್ತಳಾದವಳು ನಾನು. ಶಾಲೆಯ ಚರಿತ್ರೆಯನ್ನೂ ಅದರ ಹಿರಿಮೆಯನ್ನೂ ಬಲ್ಲವರು ಬರೆಯುವರು. ನಾನಾದರೋ ಪಾಠ ಹೇಳಿ ಅಭ್ಯಾಸವಾದವಳು. ಆದುದರಿಂದ ಇಲ್ಲಿಯೂ ಒಂದು ಪಾಠವನ್ನೇ ಹೇಳುತ್ತೇನೆ. ಅದು ಇಂಗ್ಲಿಷಿನ ಒಂದು ಚಿಕ್ಕ ಕ್ರಿಯಾಪದದ ಪಾಠ. ಅದನ್ನು ನಾನು ಅನೇಕ ವರ್ಷ ಕಲಿಸಿದೆನು; ಆದರೆ ಅದನ್ನು ನಾನೇ ಕಲಿತದ್ದು ಒಂದು ದಿನ, ತರಗತಿಯ ನಡುವೆ, ಕರಿಹಲಗೆಯ ಮುಂದೆ ನಿಂತುಕೊಂಡು. ಆ ದಿನದ ಸಂಗತಿಯನ್ನು ಇಷ್ಟು ಕಾಲ ಯಾರಿಗೂ ಹೇಳಿದವಳಲ್ಲ.

1991ನೆಯ ಇಸವಿ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ರಜೆಯ ದಿನಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆಯಲು ಹೇಳಿದ್ದೆನು. ಅವರಲ್ಲೊಬ್ಬಳು ತನ್ನ ತಾಯಿಯು ಟೆಲಿಫೋನಿನಲ್ಲಿ ಮಾತು ಮುಗಿಸಿದುದನ್ನು ಹೇಳುವುದಕ್ಕಾಗಿ, ‘ಮೈ ಮದರ್ ಹ್ಯಾಂಗ್ಡ್ ಅಪ್ ದ ಫೋನ್’ ಎಂದು ಬರೆದಿದ್ದಳು. ಆ ವಾಕ್ಯವನ್ನು ನಾನು ಗಟ್ಟಿಯಾಗಿ ಓದಿದೊಡನೆಯೇ ಮುಂದಿನ ಸಾಲಿನ ಜಾಣೆಯರು ನಕ್ಕರು. ಪಾಪ, ಬರೆದವಳಿಗೆ ನಗುವಿನ ಕಾರಣವೇ ತಿಳಿಯಲಿಲ್ಲ. ಆಗ ನಾನು ಪುಸ್ತಕವನ್ನು ಮುಚ್ಚಿಟ್ಟು, ಅಂದಿನ ವ್ಯಾಕರಣದ ಪಾಠವನ್ನು ಬಿಟ್ಟು, ಈ ಒಂದು ಮಾತನ್ನೇ ಹಿಡಿದುಕೊಂಡೆನು.

‘ಹ್ಯಾಂಗ್’ ಎಂದರೆ ನೇತುಹಾಕು, ತೂಗುಹಾಕು. ಇದಕ್ಕೆ ಭೂತಕಾಲದಲ್ಲಿ ಎರಡು ರೂಪಗಳಿವೆ. ಅಂಗಿಯನ್ನೋ ಚಿತ್ರಪಟವನ್ನೋ ನೇತುಹಾಕಿದರೆ ‘ಹಂಗ್’. ಮನುಷ್ಯನನ್ನು ಗಲ್ಲಿಗೇರಿಸಿದರೆ ಮಾತ್ರ ‘ಹ್ಯಾಂಗ್ಡ್’. ಹಳೆಯ ಇಂಗ್ಲಿಷಿನಲ್ಲಿ ಬೇರೆಬೇರೆಯಾಗಿದ್ದ ಕ್ರಿಯಾಪದಗಳು ಕಾಲಕ್ರಮದಲ್ಲಿ ಒಂದರೊಳಗೊಂದು ಬೆರೆತುಹೋದುದರಿಂದ ಈ ಎರಡು ರೂಪಗಳೂ ಉಳಿದವು. ಸಾಮಾನ್ಯ ಬಳಕೆಯಲ್ಲಿ ‘ಹಂಗ್’ ಎಂಬುದೇ ಗೆದ್ದಿತು. ನ್ಯಾಯಾಲಯದ ಭಾಷೆಯು ಹಳೆಯದನ್ನು ಸುಲಭವಾಗಿ ಬಿಡತಕ್ಕದ್ದಲ್ಲವಾದುದರಿಂದ ಮರಣದಂಡನೆಯ ಮಾತಿನಲ್ಲಿ ‘ಹ್ಯಾಂಗ್ಡ್’ ಉಳಿದುಕೊಂಡಿತು. ಹೀಗಿರಲಾಗಿ, ನಮ್ಮ ಹುಡುಗಿಯ ವಾಕ್ಯದಲ್ಲಿ ಪಾಪದ ಟೆಲಿಫೋನಿಗೆ ಗಲ್ಲಿನ ಶಿಕ್ಷೆಯಾಗಿದ್ದಿತು! ಇದನ್ನು ಕೇಳಿ ಬರೆದವಳೂ ನಕ್ಕಳು, ತರಗತಿಯು ಹಗುರವಾಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದುನಿಂತು, “ಅದು ಸರಿ ಟೀಚರ್, ಆದರೆ ಫೋನನ್ನು ನಾವು ಮೇಜಿನ ಮೇಲೆ ಇಡುತ್ತೇವಲ್ಲ, ನೇತುಹಾಕುವುದೆಲ್ಲಿ ಬಂತು?” ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಉಪಾಧ್ಯಾಯಿನಿಯಾದವಳಿಗೆ ಇಂತಹ ಪ್ರಶ್ನೆಗಿಂತ ಹೆಚ್ಚಿನ ಸಂತೋಷವು ಬೇರೆ ಇಲ್ಲ.

ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು ಟೆಲಿಫೋನಿಗೆ ಪೇಟೆಂಟನ್ನು ಪಡೆದದ್ದು 1876ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ, ಎಂದರೆ 1882ರ ಜನವರಿಯಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿಯೂ ಟೆಲಿಫೋನ್ ಎಕ್ಸ್‌ಚೇಂಜುಗಳು ತೆರೆದವು. ಆ ಕಾಲದ ಯಂತ್ರವು ಗೋಡೆಗೆ ಬಿಗಿದ ಒಂದು ಮರದ ಪೆಟ್ಟಿಗೆ. ಮಾತನಾಡುವ ಬಾಯಿಯು ಆ ಪೆಟ್ಟಿಗೆಯಲ್ಲಿಯೇ ಇರುತ್ತಿದ್ದಿತು; ಕಿವಿಗೆ ಹಿಡಿದುಕೊಳ್ಳತಕ್ಕ ಭಾಗವು ಮಾತ್ರ ಒಂದು ತಂತಿಯ ತುದಿಯಲ್ಲಿದ್ದು, ಪೆಟ್ಟಿಗೆಯ ಪಕ್ಕದ ಕೊಕ್ಕೆಗೆ ತೂಗುಹಾಕಲ್ಪಡುತ್ತಿದ್ದಿತು. ಆ ಕೊಕ್ಕೆಯು ಬರಿಯ ಗೂಟವಲ್ಲ. ಅದರ ಹಿಂದೆ ಒಂದು ಸ್ಪ್ರಿಂಗು ಇದ್ದಿತು. ಕಿವಿಯ ಭಾಗವನ್ನು ತೆಗೆದುಕೊಂಡರೆ ಕೊಕ್ಕೆಯು ಮೇಲಕ್ಕೇಳುವುದು, ಮಾತಿನ ತಂತಿಯು ಕೂಡುವುದು. ತಿರುಗಿ ನೇತುಹಾಕಿದರೆ ಅದರ ಭಾರಕ್ಕೆ ಕೊಕ್ಕೆಯು ಕೆಳಗಿಳಿಯುವುದು, ಮಾತಿನ ತಂತಿಯು ಬಿಡುವುದು, ಮುಂದೆ ಯಾರಾದರೂ ಕರೆದರೆ ಗಂಟೆ ಬಾರಿಸುವುದಕ್ಕೆ ದಾರಿಯಾಗುವುದು. ಹೀಗೆ, ನೇತುಹಾಕುವುದೇ ಮಾತು ಮುಗಿಸುವುದಾಯಿತು.

ಮುಂದೆ ಬಾಯಿ ಕಿವಿಗಳೆರಡೂ ಒಂದೇ ಹಿಡಿಯಲ್ಲಿ ಕೂಡಿ, ಮೇಜಿನ ಮೇಲಣ ತೊಟ್ಟಿಲಿನಂತಹ ಪೀಠದಲ್ಲಿ ಮಲಗುವಂತಾಯಿತು. ಕೊಕ್ಕೆ ಹೋಯಿತು, ಮಾತು ಉಳಿಯಿತು. ಇಂಗ್ಲಿಷರು ಹೇಳುವ ‘ರಿಂಗ್ ಆಫ್’ ಎಂಬ ಇನ್ನೊಂದು ಮಾತಿನ ಕಥೆಯೂ ಹೀಗೆಯೇ. ಹಿಡಿಕೆಯನ್ನು ತಿರುಗಿಸಿ ಗಂಟೆ ಬಾರಿಸಬೇಕಾಗಿದ್ದ ಕಾಲದಲ್ಲಿ, ಮಾತು ಮುಗಿದ ಮೇಲೂ ಒಮ್ಮೆ ತಿರುಗಿಸಿ, “ನಮ್ಮದಾಯಿತು” ಎಂದು ಎಕ್ಸ್‌ಚೇಂಜಿನವರಿಗೆ ತಿಳಿಸುತ್ತಿದ್ದರು. ಹಿಡಿಕೆಯು ಹೋಗಿ ಎಷ್ಟೋ ಕಾಲವಾದರೂ ಮಾತು ಹೋಗಲಿಲ್ಲ. ವಸ್ತುಗಳಿಗಿಂತ ಮಾತುಗಳಿಗೆ ಆಯುಸ್ಸು ಹೆಚ್ಚು.

ಇನ್ನು ಬಳಕೆಯ ವಿಷಯ. ‘ಹ್ಯಾಂಗ್’ ಎಂಬುದರ ಮುಂದೆ ಬರುವ ಚಿಕ್ಕ ಪದವನ್ನು ಲಕ್ಷ್ಯವಿಟ್ಟು ನೋಡಬೇಕು. ‘ಹ್ಯಾಂಗ್ ಆನ್’ ಎಂದರೆ ಬಿಡಬೇಡ, ಸ್ವಲ್ಪ ತಾಳು ಎಂದರ್ಥ; ‘ಹ್ಯಾಂಗ್ ಅಪ್’ ಎಂದರೆ ಮುಗಿಸು. ಒಂದು ಪುಟ್ಟ ಪದವು ಬದಲಾದರೆ ಅರ್ಥವೇ ಎದುರುಬದುರಾಗುವುದು. ‘ಹ್ಯಾಂಗ್ ಅಪ್ ದ ಫೋನ್’ ಎನ್ನಬಹುದು, ‘ಹ್ಯಾಂಗ್ ದ ಫೋನ್ ಅಪ್’ ಎಂದೂ ಹೇಳಬಹುದು. ಆದರೆ ಫೋನಿನ ಸ್ಥಾನದಲ್ಲಿ ‘ಇಟ್’ ಎಂಬ ಸರ್ವನಾಮವು ಬಂದರೆ ಅದು ನಡುವೆಯೇ ನಿಲ್ಲಬೇಕು: ‘ಹ್ಯಾಂಗ್ ಇಟ್ ಅಪ್’. ಏನನ್ನೂ ಹೇಳದೆ ಬರಿದೆ ‘ಶೀ ಹಂಗ್ ಅಪ್’ ಎಂದರೂ ವಾಕ್ಯವು ಪೂರ್ಣವೇ.

ಇಷ್ಟನ್ನು ಹೇಳಿದ ಬಳಿಕ, ಇವೆಲ್ಲಕ್ಕಿಂತ ಮುಖ್ಯವಾದ ಭೇದವನ್ನು ಹೇಳುವುದಕ್ಕೆ ನಾನು ಹಲಗೆಯ ಕಡೆಗೆ ತಿರುಗಿದೆನು. ‘ಶೀ ಹಂಗ್ ಅಪ್’ ಎಂಬಲ್ಲಿ ಯಾವ ದೋಷವೂ ಇಲ್ಲ. ಮಾತು ಮುಗಿಯಿತು, ಆಕೆಯು ಫೋನನ್ನಿಟ್ಟಳು, ಅಷ್ಟೇ. ಆದರೆ ಅದಕ್ಕೆ ‘ಆನ್’ ಎಂಬುದನ್ನೂ ಒಬ್ಬ ವ್ಯಕ್ತಿಯನ್ನೂ ಸೇರಿಸಿದರೆ, ಆ ವ್ಯಕ್ತಿಯು ಇನ್ನೂ ಮಾತನಾಡುತ್ತಿರುವಾಗಲೇ, ಆ ವ್ಯಕ್ತಿಯ ಮನಸ್ಸಿಗೆ ತಗಲುವಂತೆ ಇಟ್ಟುಬಿಟ್ಟಳೆಂದು ಅರ್ಥವಾಗುವುದು. ಮೊದಲನೆಯದು ಯಂತ್ರಕ್ಕೆ ಮಾಡುವ ಕೆಲಸ. ಎರಡನೆಯದು ಮನುಷ್ಯರಿಗೆ ಮಾಡುವ ಕೆಲಸ. ಉದಾಹರಣೆ ಬೇಕಲ್ಲವೆ? ಸುಣ್ಣದ ಕಡ್ಡಿಯನ್ನು ತೆಗೆದುಕೊಂಡು, ಹೆಚ್ಚು ಯೋಚಿಸದೆ, ಬಾಯಿಗೆ ಬಂದುದನ್ನು ಬರೆದೆನು: ‘ಐ ಹಂಗ್ ಅಪ್ ಆನ್ ಮೈ ಸಿಸ್ಟರ್’.

ಬರೆದ ಮೇಲೆ ಅದನ್ನು ನಾನು ಓದಿದೆನು. ಕೈ ಅಲ್ಲಿಯೇ ನಿಂತಿತು.

ವಾಚಕರು ಕ್ಷಮಿಸಬೇಕು; ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ನಮ್ಮ ತಾಯಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕನು ಮದುವೆಯಾಗಿ, ಆಗ ಬೊಂಬಾಯಿಯೆಂದು ಕರೆಯುತ್ತಿದ್ದ ಮುಂಬಯಿಯಲ್ಲಿದ್ದಳು, ನಾನು ಇಲ್ಲಿ. 1987ರಲ್ಲಿ ಅಮ್ಮನು ತೀರಿಕೊಂಡಳು. ಊರಿನಲ್ಲಿ ಆಕೆಯದೊಂದು ಹೆಂಚಿನ ಮನೆ, ಹಿತ್ತಿಲಲ್ಲಿ ಒಂದು ಬಾವಿ, ಎರಡು ಹಲಸಿನ ಮರಗಳು. ಮನೆಯು ಹಳೆಯದು, ನೋಡಿಕೊಳ್ಳುವವರಿಲ್ಲ. ಅದನ್ನು ಮಾರಿಬಿಡುವುದು ಲೇಸೆಂದು ಬಂಧುಗಳು ಹೇಳತೊಡಗಿದರು. ನನಗೆ ಅದು ಸುತರಾಂ ಮನಸ್ಸಿರಲಿಲ್ಲ. ಅಕ್ಕನಿಗೆ ಮನಸ್ಸಿದೆಯೆಂದು ಯಾರೋ ನನ್ನ ಕಿವಿಯಲ್ಲಿ ಹೇಳಿದರು.

ಮರುವರ್ಷ ಒಂದು ರಾತ್ರಿ ಅಕ್ಕನು ನಮ್ಮ ವಸತಿಗೃಹದ ಟೆಲಿಫೋನಿಗೆ ಕರೆದಳು. ನಾನು ಮೊದಲೇ ಕಾದಿದ್ದ ಬಾಣಲೆ. ಆಕೆಯು ಮನೆಯ ಮಾತನ್ನೆತ್ತಿದಳು. “ನೋಡೇ, ಅಮ್ಮನ ಮನೆಯನ್ನು ಮಾರಿಯೇ ತೀರಬೇಕೆಂದು ನಾನು” ಎಂಬಲ್ಲಿಯವರೆಗೆ ಕೇಳಿದೆನು. ಅಷ್ಟೇ ಸಾಕಾಯಿತು. ಮೇಜು ಅದುರುವಂತೆ ಫೋನನ್ನು ಕುಕ್ಕಿದೆನು. ತಿರುಗಿ ಗಂಟೆ ಬಾರಿಸಿದರೂ ಎತ್ತಬಾರದೆಂದು, ತೆಗೆದು ಪಕ್ಕದಲ್ಲಿಟ್ಟೆನು. ಮಾರನೆಯ ಬೆಳಗ್ಗೆ ಅಕ್ಕನಿಗೆ ಎರಡು ಸಾಲಿನ ಕಾಗದವನ್ನು ಬರೆದೆನು: ಮನೆಯನ್ನು ಮಾರಬಹುದು, ನನ್ನ ಒಪ್ಪಿಗೆಯಿದೆ. ಅದೇ ವರ್ಷ ಚಿಕ್ಕಪ್ಪನ ಮುಖಾಂತರ ಕ್ರಯವಾಯಿತು. ಇಬ್ಬರೂ ಬೇರೆಬೇರೆ ದಿನಗಳಲ್ಲಿ ಹೋಗಿ ರುಜು ಹಾಕಿ ಬಂದೆವು. ಕೊಂಡವರು ಮನೆಯನ್ನು ಕೆಡವಿಸಿದರು. ಅಲ್ಲಿಂದ ಮೂರು ವರ್ಷಗಳ ಕಾಲ ಅಕ್ಕನೂ ನಾನೂ ಒಂದು ಮಾತನ್ನೂ ಆಡಲಿಲ್ಲ.

ಹಲಗೆಯ ಮೇಲೆ ನಾನು ಬರೆದ ವಾಕ್ಯವು ಇದೇ. ಮೂರು ವರ್ಷಗಳಿಂದ ಯಾರ ಮುಂದೆಯೂ, ನನ್ನ ಮುಂದೆಯೂ ಸಹ, ಒಪ್ಪಿಕೊಳ್ಳದಿದ್ದ ತಪ್ಪನ್ನು ವ್ಯಾಕರಣದ ಉದಾಹರಣೆಯು ನನ್ನ ಕೈಯಿಂದಲೇ ಬರೆಯಿಸಿತು. ಕನ್ನಡದಲ್ಲಿ ನಾನು ನನಗೆ ಹೇಳಿಕೊಳ್ಳುತ್ತಿದ್ದುದು ‘ಮಾತು ನಿಂತುಹೋಯಿತು’ ಎಂದು. ಇಂಗ್ಲಿಷಿನ ಆ ‘ಆನ್’ ಎಂಬ ಪುಟ್ಟ ಪದಕ್ಕೆ ಇಂತಹ ದಾಕ್ಷಿಣ್ಯವಿಲ್ಲ. ಯಾರು ಇಟ್ಟರು, ಯಾರ ಮೇಲೆ ಇಟ್ಟರು ಎಂಬ ಎರಡನ್ನೂ ಅದು ಹೇಳಿಯೇ ತೀರುವುದು.

ಹುಡುಗಿಯರಿಗೆ ಏನೂ ತಿಳಿಯಲಿಲ್ಲ. ಅವರು ತಲೆ ತಗ್ಗಿಸಿ ವಾಕ್ಯವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹಿಂದಿನ ಬೆಂಚಿನ ಆ ಪ್ರಶ್ನೆಯ ಹುಡುಗಿಯು ಮಾತ್ರ ಮತ್ತೆ ಎದ್ದು, “ಆಮೇಲೆ ಅವರು ಪುನಃ ಫೋನ್ ಮಾಡಿದರೇ ಟೀಚರ್?” ಎಂದಳು. “ಅದು ಪಾಠದಲ್ಲಿಲ್ಲ, ಕುಳಿತುಕೋ” ಎಂದೆನು.

ಆ ರಾತ್ರಿ ನಾನು ಪೇಟೆಯ ಎಸ್.ಟಿ.ಡಿ. ಬೂತಿಗೆ ಹೋದೆನು. ಹೊತ್ತಾದಂತೆ ದರವು ಇಳಿಯುತ್ತಿದ್ದುದರಿಂದ ಜನರು ಸಾಲಾಗಿ ಕಾಯುತ್ತಿದ್ದರು. ಗಾಜಿನ ಗೂಡಿನೊಳಗೆ, ತಲೆಯ ಮೇಲೆ ಕೆಂಪಕ್ಷರದಲ್ಲಿ ಓಡುವ ಲೆಕ್ಕ. ಅಕ್ಕನೇ ಎತ್ತಿದಳು. “ಅಕ್ಕಾ, ನಾನು” ಎಂದೆನು. ಆಚೆಯಿಂದ ಶಬ್ದವಿಲ್ಲ. ಕೆಂಪಂಕೆಗಳು ಮಾತ್ರ ಓಡುತ್ತಿದ್ದವು. ಇಟ್ಟುಬಿಡುವಳೇನೋ ಎಂದುಕೊಂಡೆನು, ಇಟ್ಟಿದ್ದರೆ ಅದು ನ್ಯಾಯವೇ ಆಗಿರುತ್ತಿದ್ದಿತು. ಆಕೆಯು ಇಡಲಿಲ್ಲ. ಕೊನೆಗೆ, “ಅವತ್ತು ನನ್ನ ಮಾತು ಮುಗಿದಿರಲಿಲ್ಲ” ಎಂದಳು. “ಈಗ ಹೇಳು ಅಕ್ಕಾ” ಎಂದೆನು. ಆಕೆಯು ಹೇಳಿದಳು:

“ಅಮ್ಮನ ಮನೆಯನ್ನು ಮಾರಿಯೇ ತೀರಬೇಕೆಂದು ನಾನು ಹೇಳುವುದಿಲ್ಲ ಕಣೇ. ನಿನಗೆ ಬೇಕಾದರೆ ನೀನೇ ಇಟ್ಟುಕೋ.”

ಸೋದರಿಯರೇ, ಭಾಷೆಯನ್ನು ಕಲಿಸಿಯೇ ಹೊಟ್ಟೆ ಹೊರೆದುಕೊಂಡವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯುಂಟೆ? ಇಂಗ್ಲಿಷಿನವನು ‘ಐ ಆಮ್ ನಾಟ್ ಸೇಯಿಂಗ್’ ಎಂದು ಮೊದಲಲ್ಲಿಯೇ ‘ಇಲ್ಲ’ವನ್ನು ಹೇಳಿಬಿಡುವನು, ಆಮೇಲೆ ನೀವು ಮಾತನ್ನು ತುಂಡರಿಸಿದರೂ ‘ಇಲ್ಲ’ವು ನಿಮ್ಮ ಕಿವಿಯನ್ನು ಸೇರಿರುತ್ತದೆ. ನಮ್ಮ ಕನ್ನಡದಲ್ಲಿಯಾದರೋ ಕ್ರಿಯಾಪದವು ಕಟ್ಟಕಡೆಗೆ ಬರುವುದು. ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ತುದಿಯಲ್ಲಿ ಇರುವುದು. ಕೊನೆಯ ಅಕ್ಷರದವರೆಗೆ ಕಾಯದವನು ಕನ್ನಡದ ವಾಕ್ಯವನ್ನು ಕೇಳಿದಂತೆಯೇ ಅಲ್ಲ. ಈ ಎರಡು ಭಾಷೆಗಳ ಪದಕ್ರಮದ ಭೇದವನ್ನು ನಾನು ಎಷ್ಟೋ ತರಗತಿಗಳಿಗೆ ಹಲಗೆಯ ಮೇಲೆ ಬರೆದು ತೋರಿಸಿದ್ದೆನು. ಆದರೂ ನನ್ನ ಸ್ವಂತ ಅಕ್ಕನ ವಾಕ್ಯಕ್ಕೆ ಒಂದು ಕ್ರಿಯಾಪದದಷ್ಟು ಹೊತ್ತು ನಾನು ಕಾಯಲಿಲ್ಲ. ಅಷ್ಟರ ಬೆಲೆ ಒಂದು ಮನೆ, ಒಂದು ಬಾವಿ, ಎರಡು ಹಲಸಿನ ಮರಗಳು.

ಅಕ್ಕನು ಇನ್ನೊಂದು ಸಂಗತಿಯನ್ನೂ ಹೇಳಿದಳು. ಆ ರಾತ್ರಿ ಮಾತು ನಿಂತಾಗ, ‘ಲೈನು ಕಟ್ ಆಯಿತು’ ಎಂದೇ ಆಕೆಯು ಭಾವಿಸಿದ್ದಳಂತೆ. ಮತ್ತೆ ಮತ್ತೆ ಪ್ರಯತ್ನಿಸಿದಳಂತೆ. ನಾನು ಫೋನನ್ನು ತೆಗೆದಿಟ್ಟಿದ್ದೆನಲ್ಲ, ಸಿಗಲಿಲ್ಲ. ನಾನೇ ಕರೆಯುವೆನೆಂದು ಎರಡು ದಿನ ಕಾದಿದ್ದಳಂತೆ. ಬಳಿಕ ನನ್ನ ಎರಡು ಸಾಲಿನ ಕಾಗದವು ಹೋಗಿ ಮುಟ್ಟಿತು. ಆಗ ತಿಳಿಯಿತಂತೆ, ‘ಕಟ್ ಆದದ್ದಲ್ಲ, ಕಟ್ ಮಾಡಿದಳು’ ಎಂದು. ಮನೆಯನ್ನು ಮಾರಿ ಹಣವನ್ನು ಪಡೆಯುವ ಆತುರವು ನನ್ನದೆಂದು ಆಕೆಯು ತಿಳಿದಳು. ಆಕೆಯದೆಂದು ನಾನು ತಿಳಿದಿದ್ದೆನು. ಇಬ್ಬರಿಗೂ ಬೇಡವಾಗಿದ್ದ ಕ್ರಯಪತ್ರಕ್ಕೆ ಇಬ್ಬರೂ ರುಜು ಹಾಕಿದ್ದೆವು.

‘ಕಟ್ ಆಯಿತು’, ‘ಕಟ್ ಮಾಡಿದಳು’ ಎಂಬ ಈ ಎರಡು ಮಾತುಗಳನ್ನು ನೋಡಿರಿ. ಇಂಗ್ಲಿಷಿನಿಂದ ಒಂದು ಪದವನ್ನು ಎರವು ತಂದು, ಅದರ ಬೆನ್ನಿಗೆ ‘ಆಗು’ ಮತ್ತು ‘ಮಾಡು’ ಎಂಬ ನಮ್ಮವೇ ಆದ ಎರಡು ಕ್ರಿಯಾಪದಗಳನ್ನು ಕಟ್ಟಿ, ದೈವದಿಂದ ಆದುದನ್ನೂ ಮನುಷ್ಯನು ಮಾಡಿದುದನ್ನೂ ನಮ್ಮ ಜನರು ಎಷ್ಟು ಸುಲಭವಾಗಿ ಬೇರ್ಪಡಿಸಿದ್ದಾರೆ! ಯಾವ ವ್ಯಾಕರಣವನ್ನೂ ಓದದ ಹೆಂಗಸರೂ ಇದರಲ್ಲಿ ತಪ್ಪುವುದಿಲ್ಲ.

ಆದರೆ ಮಾತನ್ನು ಸಮಾಧಾನವಾಗಿ ಮುಗಿಸುವುದಕ್ಕೆ ನಾವು ಎರವು ತರಲಿಲ್ಲ. ‘ಇಡು’ ಎಂಬ ನಮ್ಮ ಹಳೆಯ ಪದವೇ ಸಾಕಾಯಿತು. ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಇದ್ದಿತು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗ್ರಂಥವಾದುದರಿಂದ ಟೆಲಿಫೋನಿನ ‘ಇಡು’ವನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಆದರೂ ಈ ಪದದ ಸಂಸಾರವು ಎಷ್ಟು ದೊಡ್ಡದು! ಮಗುವಿಗೆ ಹೆಸರಿಡುವೆವು, ಅಂಗಳದಲ್ಲಿ ರಂಗೋಲೆಯಿಡುವೆವು, ಹಣೆಗೆ ಕುಂಕುಮವಿಡುವವರುಂಟು, ದೇವರಿಗೆ ಮೊರೆಯಿಡುವೆವು, ಒಬ್ಬರಲ್ಲಿ ನಂಬಿಕೆಯಿಡುವೆವು, ನಾಳೆಗೆ ಬೇಕೆಂದು ತೆಗೆದಿಡುವೆವು. ಮನೆಗೆ ಬೆಂಕಿಯಿಡುವುದೂ ಇದೇ ಪದದಿಂದಲೇ ಎಂಬುದನ್ನೂ ಮರೆಯಬಾರದು. ಇಂಗ್ಲಿಷರ ಮಾತಿನಲ್ಲಿ ಕೊಕ್ಕೆಯ ನೆನಪಿದೆ. ನಮ್ಮ ಮಾತಿನಲ್ಲಿ ಕೈಯ ನೆನಪಿದೆ. ಇಟ್ಟದ್ದನ್ನು ತಿರುಗಿ ಎತ್ತಿಕೊಳ್ಳಬಹುದೆಂಬ ಆಶೆಯೂ ಅದರಲ್ಲಿ ಇದೆ.

ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ನಿಯಮವು ತಾನಾಗಿ ನೆಲೆಗೊಂಡಿತು. ಯಾರೂ ಕೇಳದೆ ಇಡುತ್ತಿರಲಿಲ್ಲ. “ಇಡಲೇನೇ?” ಎಂದು ಆಕೆ, “ಇಡು ಅಕ್ಕಾ” ಎಂದು ನಾನು. ಎಷ್ಟೋ ಸಲ ಹಾಗೆಂದ ಮೇಲೆಯೇ ನಿಜವಾದ ಮಾತು ಹೊರಡುತ್ತಿದ್ದಿತು: ಮಂಡಿನೋವಿನ ಮಾತು, ಮಗನ ಕಾಗದ ಬಾರದ ಮಾತು, ಅಮ್ಮನ ಕೈಯ ಹಲಸಿನ ಕಡುಬಿನ ಮಾತು. ವಸತಿಗೃಹದ ಮೇಲ್ವಿಚಾರಕಿಯಾಗಿ ಭಾನುವಾರಗಳಂದು ನಾನು ಗಮನಿಸಿದ್ದೂ ಇದೇ. ತಾಯಿತಂದೆಗಳ ಸಂಗಡ ಹುಡುಗಿಯರು ಐದು ನಿಮಿಷ ಊಟತಿಂಡಿಗಳನ್ನೇ ಹೇಳುವರು. “ಇಡುತ್ತೇನೆ” ಎಂದಮೇಲೆ ಅಳುವರು. ಮೊದಮೊದಲು, ಹಿಂದೆ ಕಾದಿರುವವರಿಗಾಗಿ, “ಸಾಕು, ಇಡಮ್ಮಾ” ಎಂದು ಗದರಿಸುತ್ತಿದ್ದೆನು. 1991ರ ತರುವಾಯ ಗದರಿಸಲಿಲ್ಲ. ಸಾಲು ಸ್ವಲ್ಪ ಉದ್ದವಾದರೂ ಆಗಲಿ ಎಂದು ಬಿಟ್ಟೆನು. ಅದರ ಕಾರಣವನ್ನು ಆಗ ಯಾರಿಗೂ ಹೇಳಲಿಲ್ಲ; ಈಗ ಹೇಳಿದ್ದೇನೆ.

ಅಕ್ಕನು 2014ರಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಆಕೆಗೆ ಮಾತನಾಡಲು ಉಸಿರು ಸಾಲದು. ಮಗನು ಫೋನನ್ನು ಆಕೆಯ ಕಿವಿಗೆ ಹಿಡಿಯುತ್ತಿದ್ದನು. ನಾನು ಊರಿನ ಸುದ್ದಿಯನ್ನು ಹೇಳುತ್ತಿದ್ದೆನು. ಕಡೆಯ ಸಲವೂ ಆಕೆಯು ತನ್ನ ಪದವನ್ನು ಮರೆಯಲಿಲ್ಲ. “ಇಡಲೇನೇ?” ಎಂದಳು. “ಇಡು ಅಕ್ಕಾ” ಎಂದೆನು. ಮನೆಯು ಹೋದ ದುಃಖವು ನನಗೆ ಇಂದಿಗೂ ಇದೆ. ಆದರೆ ಆ ಎರಡು ಮಾತುಗಳು ಸಿಕ್ಕಿದುವೆಂಬ ಸಮಾಧಾನವೂ ಇದೆ.

ಈಗಿನ ಟೆಲಿಫೋನಿನಲ್ಲಿ ಕೊಕ್ಕೆಯೂ ಇಲ್ಲ, ತೊಟ್ಟಿಲೂ ಇಲ್ಲ. ಗಾಜಿನ ಮೇಲೆ ಒಂದು ಕೆಂಪು ಗುರುತು. ಅದರೊಳಗೆ ಮಲಗಿದ ಹಳೆಯ ಫೋನಿನ ಚಿತ್ರ. ಅದನ್ನು ಮುಟ್ಟಿದರೆ ಸಾಕು. ಎಷ್ಟು ಕೋಪವಿದ್ದರೂ ಅದನ್ನು ಕುಕ್ಕುವುದು ಸಾಧ್ಯವಿಲ್ಲ. ಹಾಗೆಯೇ, ಸದ್ದಿಲ್ಲದೆ ಒಬ್ಬರ ಮಾತನ್ನು ಕಡಿದುಹಾಕುವುದು ಹಿಂದೆಂದಿಗಿಂತಲೂ ಸುಲಭ. ಆದುದರಿಂದ ಈ ಶಾಲೆಯ ಚಿರಂಜೀವಿನಿಯರಾದ ವಿದ್ಯಾರ್ಥಿನಿಯರಿಗೆ ಮುದುಕಿಯೊಬ್ಬಳ ಮಾತು ಇಷ್ಟೇ. ಪರೀಕ್ಷೆಯಲ್ಲಿ ‘ಹಂಗ್’ ಎಂದು ಬರೆಯಿರಿ, ‘ಹ್ಯಾಂಗ್ಡ್’ ಎಂದು ಬರೆಯಬೇಡಿರಿ. ತಪ್ಪಿದರೆ ಒಂದು ಅಂಕವು ಹೋಗುವುದು, ಅಷ್ಟೇ. ಆದರೆ ಮನೆಯವರೊಡನೆ ಮಾತನಾಡುವಾಗ, ಎಷ್ಟೇ ಕೋಪ ಬಂದಿರಲಿ, ಎದುರಿನವರ ವಾಕ್ಯವು ಕ್ರಿಯಾಪದವನ್ನು ಮುಟ್ಟುವವರೆಗೆ ತಾಳಿರಿ. ಅದಾದ ಮೇಲೆ, “ಇಡಲೇ?” ಎಂದು ಒಂದು ಸಲ ಕೇಳಿ, ಇಡಿರಿ.

ಹಿಂದಿನ ಬೆಂಚಿನ ಆ ಹುಡುಗಿಯು ಈಗ ಎಲ್ಲಿರುವಳೋ ಕಾಣೆನು. ಈ ಸಂಚಿಕೆಯು ಆಕೆಯ ಕೈಸೇರಿದರೆ, ಅಂದು ನಾನು ಕುಳ್ಳಿರಿಸಿದ ಆಕೆಯ ಪ್ರಶ್ನೆಗೆ ಉತ್ತರವಿದು: ಅವರು ಮಾಡಲಿಲ್ಲಮ್ಮಾ, ನಾನೇ ಮಾಡಿದೆನು. ನೀನು ಕೇಳಿದುದರಿಂದ ಮಾಡಿದೆನು.